ಕೇಳಿ, ಮೇಸ್ತ್ರಿ ಹೇಳ್ತಾರೆ: ಆಸ್ಪತ್ರೆಗೆ ಎಂಥ ನೆಲ?

ಹೋದ ಸಂಚಿಕೆಯಲ್ಲಿ ಅಡುಗೆಮನೆ ಟೈಲ್ಸ್ ಬಗ್ಗೆ ಬರೆಯುವಾಗ, ಆಸ್ಪತ್ರೆ ನೆಲದ ಕತೆಯೇ ಬೇರೆ ಅಂತ ಒಂದು ಸಾಲು ಸುಮ್ನೆ ಸೇರಿಸಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಡಾಕ್ಟರು, ಸಿಸ್ಟರು, ಮನೆಯಲ್ಲಿ ಅಮ್ಮನನ್ನು ನೋಡಿಕೊಳ್ಳುತ್ತಿರುವ ಮಗಳು, ಕೊನೆಗೆ ಒಬ್ಬ ದನದ ಡಾಕ್ಟರು ಕೂಡ ಬರೆದಿದ್ದಾರೆ. ನಾನು ಹಾಸನದಲ್ಲಿ ನೆಲದ ಕೆಲಸ ಮಾಡಿಕೊಂಡು ಬಂದವನು. ರೋಗದ ವಿಷಯ ನಿಮಗೇ ಬಿಟ್ಟೆ, ಕಾಲ ಕೆಳಗಿನದು ಮಾತ್ರ ನಂದು.

ಪ್ರಶ್ನೆ: ಸಕಲೇಶಪುರದಲ್ಲಿ ನಾವಿಬ್ಬರೂ ಡಾಕ್ಟರು ಸೇರಿ 20 ಹಾಸಿಗೆಯ ನರ್ಸಿಂಗ್ ಹೋಮ್ ಕಟ್ಟಿಸುತ್ತಿದ್ದೇವೆ. ಕಂಟ್ರಾಕ್ಟರು ಎಲ್ಲ ಕಡೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಬಿಡೋಣ ಅನ್ನುತ್ತಾರೆ. ಬೆಂಗಳೂರಿನ ಇಂಟೀರಿಯರ್‌ನವರು ಎಲ್ಲ ಕಡೆ ವಿನೈಲ್ (ಪ್ಲಾಸ್ಟಿಕ್ ಹಾಳೆಯ ನೆಲ) ಅನ್ನುತ್ತಾರೆ. ಮಾವನವರು ಗ್ರಾನೈಟ್ ಬಿಟ್ಟು ಬೇರೆ ಮಾತೇ ಇಲ್ಲ ಅನ್ನುತ್ತಾರೆ. ಯಾರ ಮಾತು ಕೇಳೋಣ?

ಡಾಕ್ಟ್ರೇ, ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸರಿ ಇದೆ. "ಎಲ್ಲ ಕಡೆ" ಅನ್ನುವ ಮಾತೊಂದು ಮಾತ್ರ ಮೂವರದೂ ತಪ್ಪು.

ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಸಣ್ಣ ಆಸ್ಪತ್ರೆಯ ನೆಲದ ಕೆಲಸ ಸಿಕ್ಕಿತ್ತು. ಮಾಲೀಕರಿಗೆ ಹೊಳಪು ಬೇಕಿತ್ತು, ನನಗೆ ಬಿಲ್ಲು ಬೇಕಿತ್ತು. ಬಾಗಿಲಿನ ರ‍್ಯಾಂಪಿನಿಂದ ಹಿಡಿದು ವಾರ್ಡಿನವರೆಗೆ ಪಾಲಿಶ್ ಗ್ರಾನೈಟ್ ಹಾಸಿದೆ. ಮುಖ ನೋಡಿಕೊಳ್ಳಬಹುದಿತ್ತು, ಹಾಗಿತ್ತು. ಜೂನ್ ಬಂತು, ಮಳೆ ಹಿಡಿಯಿತು, ಊಟದ ಕ್ಯಾರಿಯರ್ ಹಿಡಿದು ರ‍್ಯಾಂಪ್ ಹತ್ತುತ್ತಿದ್ದ ಆಯಮ್ಮ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನೋಡಲು ಹೋದಾಗ ಅವರು ಬೈಯಲಿಲ್ಲ. "ದಿನಾ ಎರಡು ಹೊತ್ತು ಇದನ್ನು ಒರೆಸೋಳು ನಾನು, ಹಾಕೋ ಮುಂಚೆ ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ" ಅಂದರು, ಅಷ್ಟೇ. ಆಮೇಲೆ ಮಿಷನ್ ತಂದು ಆ ಕಲ್ಲಿಗೆ ಅಡ್ಡಗೆರೆ ಕೊಯ್ಯಿಸಿದ್ದು ನನ್ನ ಕೈದುಡ್ಡಿನಲ್ಲಿ. ಅವತ್ತಿನಿಂದ ಯಾವ ಆಸ್ಪತ್ರೆ ಕೆಲಸಕ್ಕೆ ಹೋದರೂ ಮೊದಲು ಅಲ್ಲಿ ನೆಲ ಒರೆಸುವವರನ್ನು ಮಾತಾಡಿಸುತ್ತೇನೆ. ಯಾವ ಕೋಣೆಗೆ ಎಷ್ಟು ಸಲ ನೀರು ಬೀಳುತ್ತೆ, ಯಾವ ಔಷಧಿ ಹಾಕಿ ಒರೆಸುತ್ತಾರೆ, ಟ್ರಾಲಿ ಎಲ್ಲಿ ತಡೆಯುತ್ತೆ, ಎಲ್ಲ ಅವರಿಗೆ ಗೊತ್ತಿರುತ್ತೆ. ನೀವೂ ಈಗಿನ ಕ್ಲಿನಿಕ್ಕಿನ ಆಯಮ್ಮನನ್ನು ಕರೆದು ಪ್ಲಾನ್ ತೋರಿಸಿ.

ಈಗ ಒಂದೊಂದು ಜಾಗ ನೋಡೋಣ. ಬಾಗಿಲು, ಕಾಯುವ ಜಾಗ, ಓಪಿಡಿ: ಇಲ್ಲಿ ಗ್ರಾನೈಟ್ ಸರಿ, ಮಾವನವರು ಗೆದ್ದರು. ತೋಟದ ಕೆಂಪು ಮಣ್ಣು, ಕೆಸರಿನ ಬೂಟು, ಕೊಡೆಯ ನೀರು ಎಲ್ಲ ತಡೆಯುವ ಗಟ್ಟಿತನ ಕಲ್ಲಿಗಿದೆ. ಹಾಸನ್ ಗ್ರೀನ್ ಅಂತ ನಮ್ಮ ಜಿಲ್ಲೆ ಹೆಸರಲ್ಲೇ ಕಲ್ಲು ಮಾರುತ್ತಾರೆ, ಹೆಮ್ಮೆಯೇ. ಆದರೆ ಒಳಗೆ ಆ ಕಡುಬಣ್ಣ ಬೇಡ, ಕೊಳೆ ಕಾಣಿಸುವುದಿಲ್ಲ. ಮನೆಯಲ್ಲಿ ಕೊಳೆ ಕಾಣದಿದ್ದರೆ ಅನುಕೂಲ, ಆಸ್ಪತ್ರೆಯಲ್ಲಿ ಕಾಣಲೇಬೇಕು, ಒಂದು ತೊಟ್ಟು ರಕ್ತ ಬಿದ್ದರೂ ಕಣ್ಣಿಗೆ ಹೊಡೆಯಬೇಕು. ಹೊರಗಡೆಯ ಮೆಟ್ಟಿಲು, ರ‍್ಯಾಂಪಿಗೆ ಮಾತ್ರ ಬೆಂಕಿಯಲ್ಲಿ ಸುಟ್ಟು ತರಿ ಮಾಡಿದ ಫ್ಲೇಮ್ಡ್ ಕಲ್ಲೇ ಆಗಬೇಕು. ರ‍್ಯಾಂಪಿನ ವಾಟ 1:12 ಮೀರಬಾರದು, ಅಂದರೆ 1 ಅಡಿ ಏರಲು 12 ಅಡಿ ಉದ್ದ ಬೇಕು. ಜಾಗ ಇಲ್ಲ ಅಂತ ಕಡಿದಾಗಿ ಮಾಡಿದರೆ ಗಾಲಿಕುರ್ಚಿ ತಳ್ಳುವವರ ಶಾಪ ತಟ್ಟುತ್ತೆ. ಬಾಗಿಲ ಒಳಗೆ ಒಂದು 10 ಅಡಿಯಾದರೂ ಗಟ್ಟಿ ಮ್ಯಾಟ್ ಹಾಕಿ, ನೆಲದ ಮಟ್ಟಕ್ಕೇ ಕೂರುವ ಹಾಗೆ ಅದಕ್ಕೆ ಗುಂಡಿ ಬಿಟ್ಟುಕೊಳ್ಳಿ. ಸಕಲೇಶಪುರದ ಮಳೆಗೆ ಸಣ್ಣ ಕಾಲೊರೆಸಿನಿಂದ ಏನೂ ಆಗುವುದಿಲ್ಲ.

ವಾರ್ಡು, ಓಡಾಡುವ ಕಾರಿಡಾರ್: ದುಡ್ಡು ಇದ್ದರೆ 2 ಎಂಎಂ ವಿನೈಲ್ ಶೀಟು, ಇಲ್ಲದಿದ್ದರೆ ಹೊಳಪಿಲ್ಲದ ಮ್ಯಾಟ್ ವಿಟ್ರಿಫೈಡ್. ವಿನೈಲ್ ಮೇಲೆ ಸದ್ದು ಕಡಿಮೆ, ರಾತ್ರಿ ಎರಡು ಗಂಟೆಗೆ ಟ್ರಾಲಿ ಹೋದರೂ ರೋಗಿ ಏಳುವುದಿಲ್ಲ. ಬಿದ್ದರೆ ಪೆಟ್ಟೂ ಸ್ವಲ್ಪ ಕಡಿಮೆ. ಟೈಲ್ಸ್ ಆದರೆ ಪ್ರತಿ ಜಾಯಿಂಟಿಗೂ ಟಕ್ ಟಕ್ ಅನ್ನುತ್ತೆ. ಆದರೂ ಟೈಲ್ಸನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ಒಳ್ಳೆಯ ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಅದರ ತೂಕದ 0.5 ಶೇಕಡಾಕ್ಕಿಂತ ಕಡಿಮೆ. ಹಾಕುವವನು ಸರಿಯಾಗಿದ್ದರೆ ವರ್ಷಗಟ್ಟಲೆ ಬರುತ್ತೆ. ಸರಿ ಇಲ್ಲದಿದ್ದರೆ? ಟೈಲ್ಸಿನ ಹಿಂದೆ ನಾಲ್ಕು ಮೂಲೆಗೆ ನಾಲ್ಕು, ಮಧ್ಯಕ್ಕೊಂದು ಅಂತ ಐದು ಉಂಡೆ ಗಮ್ ಇಟ್ಟು ಒತ್ತಿಬಿಡುತ್ತಾರೆ. ಕೆಳಗೆ ಪೊಳ್ಳು. ರೋಗಿ ಮಲಗಿದ ಮಂಚದ ನಾಲ್ಕು ಗಾಲಿ ಅದರ ಮೇಲೆ ಹೋದಾಗ ಫಟ್ ಅನ್ನುತ್ತೆ. ಹಲ್ಲಿನ ಕರಣೆಯಲ್ಲಿ ಪೂರ್ತಿ ಗಮ್ ಎಳೆದು ಕೂರಿಸಬೇಕು. ಕೆಲಸ ಮುಗಿದ ಮೇಲೆ ಒಂದು ರೂಪಾಯಿ ನಾಣ್ಯದಲ್ಲಿ ಪ್ರತಿ ಟೈಲ್ಸನ್ನೂ ತಟ್ಟಿ ನೋಡಿ. ಪೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅದನ್ನು ಬದಲಾಯಿಸಿದ ಮೇಲೇ ಬಿಲ್ಲು ಕೊಡಿ.

ಹೊಳೆಯುವ ಟೈಲ್ಸ್ ಬೇಡ ಅನ್ನಲು ಇನ್ನೊಂದು ಕಾರಣ ಇದೆ. ಕಣ್ಣಿಗೆ ಪೊರೆ ಬಂದಿರುವ ಅಜ್ಜ ಅಜ್ಜಿಯರಿಗೆ ಟ್ಯೂಬ್‌ಲೈಟು ಹೊಳೆದದ್ದು ನೀರು ಚೆಲ್ಲಿದ ಹಾಗೆ ಕಾಣುತ್ತೆ. ಕಾಲಿಡಲು ಹೆದರಿ ಬಗ್ಗಿ ನಡೆಯುತ್ತಾರೆ, ಬೀಳುತ್ತಾರೆ. ನಡುನಡುವೆ ಕಪ್ಪು ಡಿಸೈನ್ ಪಟ್ಟಿಯೂ ಬೇಡ, ಮರೆವಿನ ಕಾಯಿಲೆ ಇರುವವರಿಗೆ ಅದು ಗುಂಡಿ ಥರ ಕಾಣುತ್ತಂತೆ. ಜೊತೆಗೆ ನಿಮ್ಮೂರಿನಲ್ಲಿ ನೆಲ ಬೆವರುತ್ತೆ, ಗೊತ್ತಲ್ವಾ. ಥಂಡಿ ನೆಲಕ್ಕೆ ತೇವದ ಗಾಳಿ ತಾಗಿ ಹನಿ ಕಟ್ಟುವುದು. ಹೊಳಪಿನ ಟೈಲ್ಸ್ ಮೇಲೆ ಆ ಬೆವರು ಅಂದರೆ ಎಣ್ಣೆ ಸುರಿದ ಹಾಗೆಯೇ.

ಬಚ್ಚಲು, ಕಕ್ಕಸು, ಹೆರಿಗೆ ಕೋಣೆಯ ಪಕ್ಕದ ತೊಳೆಯುವ ಜಾಗ: ಟೈಲ್ಸ್ ಡಬ್ಬದ ಮೇಲೆ ಆರ್9ರಿಂದ ಆರ್13ರವರೆಗೆ ಒಂದು ಅಂಕಿ ಇರುತ್ತೆ. ಎಣ್ಣೆ ಸವರಿದ ಇಳಿಜಾರಿನ ಮೇಲೆ ಮನುಷ್ಯರನ್ನು ನಡೆಸಿ ಜರ್ಮನಿಯವರು ಮಾಡಿಕೊಂಡ ಲೆಕ್ಕ ಅದು. ಅಂಕಿ ಜಾಸ್ತಿ ಆದಷ್ಟೂ ಹಿಡಿತ ಜಾಸ್ತಿ. ಒದ್ದೆ ಜಾಗಕ್ಕೆ ಆರ್11 ಕೇಳಿ, ವಾರ್ಡಿಗೆ ಆರ್9 ಅಥವಾ ಆರ್10 ಸಾಕು. ತುಂಬಾ ತರಿ ಇದ್ದರೆ ಕೊಳೆ ಕಚ್ಚಿಕೊಂಡು ಒರೆಸುವವರ ಸೊಂಟ ಹೋಗುತ್ತೆ, ಅದಕ್ಕೇ ಆರ್13 ತಂದು ವಾರ್ಡಿಗೆ ಹಾಕಬೇಡಿ.

ಓಟಿ (ಆಪರೇಷನ್ ಕೋಣೆ), ಹೆರಿಗೆ ಕೋಣೆ: ಇಲ್ಲಿ ಇಂಟೀರಿಯರ್‌ನವರು ಗೆದ್ದರು. ಜಾಯಿಂಟೇ ಇರಬಾರದು. ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ, ಒಂದೇ ವಸ್ತು ಇರುವ ಹೋಮೋಜೀನಿಯಸ್ ವಿನೈಲ್ ಕೇಳಿ. ಇನ್ನೊಂದು ಥರದ್ದರಲ್ಲಿ ಮೇಲೆ ತೆಳುವಾದ ಸವೆಯುವ ಪದರ, ಕೆಳಗೆ ಪ್ರಿಂಟ್ ಮಾಡಿದ ಚಿತ್ರ ಇರುತ್ತೆ. ಪದರ ಸವೆದರೆ ಚಿತ್ರವೂ ಹೋಯಿತು. ನೆಲ ಗೋಡೆ ಸೇರುವ ಮೂಲೆ ಚೌಕವಾಗಿರಬಾರದು. ಶೀಟನ್ನೇ ದುಂಡಗೆ ಬಗ್ಗಿಸಿ 4 ಇಂಚು ಗೋಡೆಗೆ ಹತ್ತಿಸುತ್ತಾರೆ, ಕೋವಿಂಗ್ ಅಂತ ಕರೆಯುವುದು. ಒರೆಸುವ ಬಟ್ಟೆ ಮೂಲೆಯಲ್ಲಿ ತಿರುಗಬೇಕಲ್ವಾ, ಅದಕ್ಕೆ. ಎರಡು ಶೀಟು ಸೇರುವ ಕಡೆ ಗಾಡಿ, ಅಂದರೆ ಉದ್ದನೆಯ ಸಣ್ಣ ಕಾಲುವೆ, ಕೊಯ್ದು, ಬಿಸಿಗಾಳಿಯಲ್ಲಿ ಅದೇ ಬಣ್ಣದ ವಿನೈಲ್ ದಾರ ಕರಗಿಸಿ ಬೆಸೆಯಬೇಕು. ಬೆಸುಗೆ ಆರಿದ ಮೇಲೇ ಉಬ್ಬು ಕೊಯ್ಯಬೇಕು. ಬಿಸಿ ಇರುವಾಗಲೇ ಕೊಯ್ದರೆ ಆರಿದ ಮೇಲೆ ಅದು ತಗ್ಗಾಗಿ ಕುಳಿತು ಸಾಲುದ್ದಕ್ಕೂ ಕೊಳೆ ಹಿಡಿಯುತ್ತೆ. ಕೆಲಸದವರು ಟೀ ಕುಡಿಯುವಷ್ಟು ಹೊತ್ತು ಕಾಯುತ್ತಾರೋ ಇಲ್ಲವೋ ನೋಡಿ, ಅವರ ಕೈ ಎಂಥದ್ದು ಅಂತ ತಿಳಿಯುತ್ತೆ. ಓಟಿ ಒಳಗೆ ನೀರು ಹೋಗುವ ಜಾಲರಿ ಬಿಡಬೇಡಿ, ವಾಸನೆ, ಹುಳ ಎರಡೂ ಅಲ್ಲಿಂದಲೇ ಬರುವುದು.

ಎಕ್ಸ್‌ರೇ ಕೋಣೆಯ ಪ್ಲಾನಿಗೆ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಒಪ್ಪಿಗೆ ಬೇಕು, ನಿಮಗೆ ಗೊತ್ತಿರುವುದೇ. ಕೇಬಲ್ ಹೋಗುವ ಗಾಡಿಯನ್ನು ನೆಲ ಹಾಕುವ ಮುಂಚೆ ಮಿಷನ್‌ನವರಿಂದಲೇ ಗುರುತು ಹಾಕಿಸಿ.

ಕಡೆಯದಾಗಿ ಒಂದು, ಇದನ್ನು ಕಂಟ್ರಾಕ್ಟರಿಗೆ ಇವತ್ತೇ ಹೇಳಿ. ವಿನೈಲ್ 2 ಎಂಎಂ. ಟೈಲ್ಸ್ ಮತ್ತು ಅದರ ಕೆಳಗಿನ ಗಾರೆ ಸೇರಿದರೆ 2 ಇಂಚು ಹತ್ತಿರ. ಸ್ಲ್ಯಾಬ್ ಎಲ್ಲ ಒಂದೇ ಮಟ್ಟಕ್ಕೆ ಹಾಕಿಬಿಟ್ಟರೆ ಕಾರಿಡಾರಿಗೂ ಓಟಿಗೂ ನಡುವೆ ಹೊಸ್ತಿಲು ಏಳುತ್ತೆ. ಹೊಟ್ಟೆ ಕೊಯ್ದು ಹೊಲಿದ ರೋಗಿಯ ಟ್ರಾಲಿ ಆ ಹೊಸ್ತಿಲು ದಾಟುವಾಗಿನ ಕುಲುಕಾಟ ನಿಮಗೆ ನಾನು ಹೇಳಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಸಣ್ಣ ಆಸ್ಪತ್ರೆಯ ಓಟಿಗೆ ಹೋದ ಬೇಸಿಗೆ ಕೊನೆಯಲ್ಲಿ ವಿನೈಲ್ ಹಾಕಿಸಿದೆವು. ಒಂದೇ ಮಳೆಗಾಲಕ್ಕೆ ಅಲ್ಲಲ್ಲಿ ಹಪ್ಪಳದ ಹಾಗೆ ಉಬ್ಬಿದೆ. ಹಾಕಿದವರು ಗಮ್ ಕಡಿಮೆ ಆಗಿದೆ, ಮತ್ತೆ ಅಂಟಿಸಿಕೊಡುತ್ತೇವೆ ಅನ್ನುತ್ತಾರೆ. ಸಾಕಾ?

ಸಾಕಾಗುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಪತ್ರ ಬರೆಯುತ್ತೀರಿ.

ನಿಮ್ಮ ಪತ್ರದಲ್ಲಿ ಎರಡು ಮಾತು ನನಗೆ ಸಿಕ್ಕಿತು. ಒಂದು, ಕಟ್ಟಡ ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿದೆ, ಓಟಿಯ ಹಿಂದಿನ ಗೋಡೆಗೆ ಧರೆ ತಾಗಿಕೊಂಡಿದೆ. ಇನ್ನೊಂದು, ಕಾಂಕ್ರೀಟ್ ಹಾಕಿ 28 ದಿನ ಬಿಟ್ಟೇ ವಿನೈಲ್ ಹಾಕಿದ್ದಾರೆ. ಈ 28 ದಿನದ ಲೆಕ್ಕದಲ್ಲೇ ಎಲ್ಲರೂ ಮೋಸ ಹೋಗುವುದು. ಅದು ಕಾಂಕ್ರೀಟ್ ಗಟ್ಟಿಯಾಗುವ ಲೆಕ್ಕ, ಒಣಗುವ ಲೆಕ್ಕ ಬೇರೆ. ಕ್ಯೂರಿಂಗ್ (ನೀರುಣಿಸುವುದು) ನಿಲ್ಲಿಸಿದ ಮೇಲೆ 1 ಇಂಚು ದಪ್ಪಕ್ಕೆ 1 ತಿಂಗಳು ಅಂತ ಒಂದು ಅಂದಾಜಿದೆ. ಅಂದರೆ 4 ಇಂಚಿನ ಕಾಂಕ್ರೀಟಿಗೆ 4 ತಿಂಗಳು, ಅದೂ ಒಣಹವೆ ಇದ್ದರೆ. ಮೂಡಿಗೆರೆಯಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಒಲೆ ಮೇಲಿಟ್ಟ ಸೌದೆಯೇ ಒಣಗುವುದಿಲ್ಲ, ಇನ್ನು ಕಾಂಕ್ರೀಟು ಎಲ್ಲಿ ಒಣಗುತ್ತೆ?

ಟೈಲ್ಸ್ ಇದ್ದರೆ ಆ ತೇವ ಜಾಯಿಂಟಿನಲ್ಲಿ ಹೇಗೋ ಹೊರಗೆ ಹೋಗುತ್ತೆ. ವಿನೈಲ್ ಅಂದರೆ ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ. ತೇವ ಮೇಲೆ ಬಂದು ಅಲ್ಲೇ ನಿಲ್ಲುತ್ತೆ, ಜೊತೆಗೆ ಸಿಮೆಂಟಿನ ಕ್ಷಾರವನ್ನೂ ತರುತ್ತೆ, ಗಮ್ ಲೋಳೆಯಾಗುತ್ತೆ, ಶೀಟು ಏಳುತ್ತೆ. ಗಮ್ ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಲೋಳೆ, ಅಷ್ಟೇ. ಉಬ್ಬಿದ ಜಾಗ ಚುಚ್ಚಿ ಮೂಸಿ ನೋಡಿ, ಕೊಳೆತ ವಾಸನೆ ಬಂದರೆ ನಾನು ಹೇಳಿದ್ದೇ ಖಾತ್ರಿ. ಓಟಿ ನೆಲದ ಕೆಳಗೆ ಬೂಷ್ಟು ಬೆಳೆಯುತ್ತಿದೆ ಅಂತಲೂ ಅರ್ಥ.

ಏನು ಮಾಡಬೇಕು? ಮೊದಲು ಹೊರಗಿನಿಂದ ಬನ್ನಿ. ಧರೆಗೂ ಗೋಡೆಗೂ ನಡುವೆ ಮಣ್ಣು ತೆಗೆದು, ನೆಲಮಟ್ಟಕ್ಕಿಂತ ಕೆಳಗೆ ಚರಂಡಿ ತೆಗೆಸಿ, ಗುಡ್ಡದ ಒರತೆ ನೀರು ಪಕ್ಕಕ್ಕೆ ಹೋಗುವ ಹಾಗೆ ಮಾಡಿ. ಇದನ್ನು ಬಿಟ್ಟು ಒಳಗೆ ಏನು ಮಾಡಿದರೂ ವ್ಯರ್ಥ. ಆಮೇಲೆ ಶೀಟು ಪೂರ್ತಿ ಕಿತ್ತು, ಹಳೇ ಗಮ್ ಉಜ್ಜಿ ತೆಗೆಸಿ, ನೆಲ ಗಾಳಿಗೆ ಬಿಡಿ. ಒಣಗಿದೆಯೋ ಇಲ್ಲವೋ ಅಂತ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹೊಡೆದು ಒಂದು ದಿನ ಬಿಡಿ. ಮಾರನೇ ದಿನ ತೆಗೆದಾಗ ಹಾಳೆ ಕೆಳಗೆ ಹನಿ ಕಂಡರೆ, ನೆಲ ಕಪ್ಪಾಗಿದ್ದರೆ, ಇನ್ನೂ ಆಗಿಲ್ಲ. ಹನಿ ಕಾಣದಿದ್ದರೂ ಒಳಗೆ ತೇವ ಇರಬಹುದು, ಅದಕ್ಕೇ ಕಾಂಕ್ರೀಟಿಗೆ ತೂತು ಹೊಡೆದು ಮೀಟರ್ ಇಟ್ಟು ನೋಡುವವರು ಸಿಕ್ಕರೆ ಅವರನ್ನೇ ಕರೆಸಿ. ನಿಮ್ಮಂಥ ಜಾಗದಲ್ಲಿ ಒಣಗಿದ ಮೇಲೂ ಎಪಾಕ್ಸಿ ಅನ್ನುವ ರಾಳದ, ತೇವ ತಡೆಯುವ ಕೋಟಿಂಗ್ ಹೊಡೆಸಿ, ಅದರ ಮೇಲೆ ಲೆವೆಲಿಂಗ್ ಹಾಕಿಸಿ, ಆಮೇಲೆ ಶೀಟು. ಫೆಬ್ರವರಿ, ಮಾರ್ಚ್‌ನಲ್ಲಿ ಮಾಡಿಸಿ. ಮೇ ಕೊನೆಗೆ ಮಾಡಿಕೊಡುತ್ತೇನೆ ಅನ್ನುವವನಿಗೆ ಕೈಮುಗಿದು ಕಳಿಸಿ.

ಪ್ರಶ್ನೆ: ನಾನು ಹಾಸನ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಟೈಲ್ಸ್ ಚೆನ್ನಾಗಿದೆ, ಸಂದುಗಳು ಮಾತ್ರ ಕಪ್ಪಾಗಿವೆ. ತಿಂಗಳಿಗೊಮ್ಮೆ ಆಸಿಡ್ ಹಾಕಿ ಉಜ್ಜಿಸುತ್ತೇವೆ, ಎರಡೇ ವಾರಕ್ಕೆ ಮತ್ತೆ ಕಪ್ಪು. ಸ್ಟ್ರಾಂಗ್ ಆಸಿಡ್ ತರಿಸಲೇ?

ಬೇಡ ಸಿಸ್ಟರ್, ಆಸಿಡ್ಡೇ ಇಲ್ಲಿ ಕಳ್ಳ. ಟೈಲ್ಸ್ ಸಂದಿಗೆ ತುಂಬಿರುವುದು ಸಿಮೆಂಟ್ ಫಿಲ್ಲರ್. ಆಸಿಡ್ ಬಿದ್ದಾಗ ಬುಸುಬುಸು ನೊರೆ ಬರುತ್ತಲ್ಲ, ಕೊಳೆ ಹೋಗುತ್ತಿದೆ ಅಂದುಕೊಳ್ಳುತ್ತೇವೆ, ಸಿಮೆಂಟೂ ಅದರ ಜೊತೆ ಕರಗಿ ಹೋಗುತ್ತಿರುತ್ತೆ. ಪ್ರತಿ ತಿಂಗಳೂ ಸಂದು ಇನ್ನಷ್ಟು ಆಳ, ಇನ್ನಷ್ಟು ತರಿ. ಕೊಳೆ ಕೂರಲು ನಾವೇ ಮನೆ ಕಟ್ಟಿಕೊಟ್ಟ ಹಾಗೆ.

ಹಳೇ ಫಿಲ್ಲರ್ ಕೆರೆದು ತೆಗೆಸಿ, ಎಪಾಕ್ಸಿ ಫಿಲ್ಲರ್ ತುಂಬಿಸಿ. ಎರಡು ಮೂರು ಡಬ್ಬ ಬೆರೆಸಿ ಮಾಡುವುದು, ಬೇಗ ಗಟ್ಟಿಯಾಗುತ್ತೆ, ಟೈಲ್ಸ್ ಮೇಲೆ ಬಿದ್ದದ್ದನ್ನು ಆಗಲೇ ಒರೆಸಬೇಕು. ಅದಕ್ಕೇ ಮೇಸ್ತ್ರಿಗಳು ಗೊಣಗುತ್ತಾರೆ. ಗೊಣಗಲಿ ಬಿಡಿ. ಅದು ನೀರು ಹೀರುವುದಿಲ್ಲ, ನೀವು ಬಳಸುವ ಔಷಧಿಗಳಿಗೆ ಹೆದರುವುದಿಲ್ಲ. ಇಡೀ ಕಟ್ಟಡಕ್ಕೆ ಅನುದಾನ ಇಲ್ಲದಿದ್ದರೆ ಹೆರಿಗೆ ಕೋಣೆ, ಡ್ರೆಸ್ಸಿಂಗ್ ಕೋಣೆ ಎರಡಕ್ಕಾದರೂ ಮಾಡಿಸಿ.

ಇದಕ್ಕಿಂತ ದೊಡ್ಡ ಮಾತು ಒಂದಿದೆ. ಅದೇ ನೆಲಕ್ಕೆ ಹೈಪೋ (ಕ್ಲೋರಿನ್ ಬ್ಲೀಚ್) ದ್ರಾವಣವನ್ನೂ ಹಾಕುತ್ತೀರಿ ಅಂತ ಬರೆದಿದ್ದೀರಿ. ಆಸಿಡ್ ಇರುವ ಕಡೆ ಹೈಪೋ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತೆ. ಮುಚ್ಚಿದ ಕೋಣೆಯಲ್ಲಿ ಉಜ್ಜುತ್ತಿರುವವರ ಉಸಿರಿಗೇ ಅದು ಹೋಗುವುದು. ಕೆಮ್ಮು, ಕಣ್ಣುರಿ ಅಂತ ನಿಮ್ಮ ಗ್ರೂಪ್ ಡಿ ಅಮ್ಮ ಹೇಳುತ್ತಾರೆ ಅಂದಿದ್ದೀರಲ್ಲ, ಅದು ಧೂಳಿನದು ಅಂತ ಬಿಡಬೇಡಿ, ಎರಡನ್ನೂ ಒಟ್ಟಿಗೆ ಬಳಸುವುದನ್ನು ಇವತ್ತೇ ನಿಲ್ಲಿಸಿ.

ರಕ್ತ ಬಿದ್ದಾಗ 1 ಶೇಕಡಾ ಹೈಪೋ ಅನ್ನುವುದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಕ್ಯಾನಿನ ಮೇಲೆ 5 ಶೇಕಡಾ ಅಂತ ಇದ್ದರೆ ಅದು 1 ಪಾಲು, ನೀರು 4 ಪಾಲು. ಬೆರೆಸಿದ್ದು ಅವತ್ತಿಗೆ ಮಾತ್ರ. ದಿನದ ಒರೆಸುವಿಕೆಗೆ ಸೋಪಿನ ನೀರು, ಒಳ್ಳೆಯ ಮಾಪು, ಸೋಪಿಗೊಂದು, ತೊಳೆಯಲೊಂದು, ಔಷಧಿಗೊಂದು ಅಂತ ಮೂರು ಬಕೆಟ್ ಇದ್ದರೆ ಆಯಿತು. ಒಂದೇ ಬಕೆಟ್ಟಿನ ಕಪ್ಪು ನೀರಿನಲ್ಲಿ ಇಡೀ ವಾರ್ಡ್ ಒರೆಸಿದರೆ, ಒಂದು ಮಂಚದ ಕೆಳಗಿನದನ್ನು ಹತ್ತು ಮಂಚದ ಕೆಳಗೆ ಸವರಿದ ಹಾಗೆ. ವಾರ್ಡಿನಲ್ಲಿ ಪೊರಕೆಯಲ್ಲಿ ಒಣ ಕಸ ಗುಡಿಸುವುದೂ ಬೇಡ, ಧೂಳೆದ್ದು ಗಾಯದ ಮೇಲೆ ಕೂರುತ್ತೆ.

ಪ್ರಶ್ನೆ: ಅಮ್ಮನಿಗೆ 74 ವರ್ಷ. ಸೊಂಟದ ಮೂಳೆ ಆಪರೇಷನ್ ಆಗಿ ಮನೆಗೆ ಬಂದಿದ್ದಾರೆ. ಚಿಕ್ಕಮಗಳೂರಿನಲ್ಲಿ ನಮ್ಮದು ಅಜ್ಜನ ಕಾಲದ ಮನೆ, ಕೆಂಪು ಗಾರೆ ನೆಲ. ತಮ್ಮ ನೆಲ ಒಡೆಸಿ ಆಸ್ಪತ್ರೆ ಥರ ವಿನೈಲ್ ಹಾಕಿಸೋಣ ಅನ್ನುತ್ತಾನೆ. ಅಮ್ಮ ನೆಲ ಮುಟ್ಟಿದರೆ ಊಟ ಬಿಡುತ್ತೇನೆ ಅನ್ನುತ್ತಾರೆ.

ಅಮ್ಮನ ಕಡೆ ನಾನು. ಅಂಥ ಗಾರೆ ನೆಲ ಇವತ್ತು ಹಾಕುತ್ತೇನೆ ಅಂದರೂ ಹಾಕುವ ಕೈ ಸಿಗುವುದು ಕಷ್ಟ. ಆ ನೆಲದಲ್ಲಿ ಸಂದಿಲ್ಲ, ಒರೆಸಲು ಸುಲಭ. ಅದಕ್ಕೆ ಕೊಬ್ಬರಿ ಎಣ್ಣೆ ಸವರಿ ಹೊಳಪು ಬರಿಸುವ ಅಭ್ಯಾಸ ಇದ್ದರೆ ಮಾತ್ರ ಸದ್ಯಕ್ಕೆ ನಿಲ್ಲಿಸಿ, ಸೋಪಿನ ಬಿಸಿನೀರಲ್ಲಿ ಎರಡು ಮೂರು ಸಲ ಒರೆಸಿ ಜಿಡ್ಡು ತೆಗೆಯಿರಿ.

ಮನೆಯಲ್ಲಿ ಬೀಳುವುದು ಎಲ್ಲಿ ಅಂದರೆ ಹೊಸ್ತಿಲು, ಬಚ್ಚಲು, ಮತ್ತೆ ಆ ಹಾಳು ಕಾಲೊರೆಸು. ಕಾಲೊರೆಸು, ಚಾಪೆ, ಸಣ್ಣ ಕಾರ್ಪೆಟ್ ಎಲ್ಲ ಸುತ್ತಿ ಅಟ್ಟಕ್ಕೆ ಹಾಕಿ. ಹೊಸ್ತಿಲು ಕಡಿಸಲು ಅಮ್ಮ ಒಪ್ಪುವುದಿಲ್ಲ, ಒಪ್ಪಿಸಲೂ ಹೋಗಬೇಡಿ. ಎರಡೂ ಕಡೆ ಮರದ ಇಳಿಜಾರು ಹಲಗೆ ಮಾಡಿಸಿ. 3 ಇಂಚಿನ ಹೊಸ್ತಿಲಿಗೆ 3 ಅಡಿ ಉದ್ದದ ಹಲಗೆ, ಮೇಲೆ ತರಿ ಟೇಪು. ಹೊಸ್ತಿಲಿನ ಅರಿಶಿನ ಕುಂಕುಮ ಕಾಣುವ ಹಾಗೆ ನಡುವೆ ಬಿಟ್ಟುಕೊಳ್ಳಬಹುದು, ನಮ್ಮ ಮನೆಯಲ್ಲಿ ಅತ್ತೆಗೆ ಹಾಗೇ ಮಾಡಿಸಿದ್ದು.

ತಮ್ಮನಿಗೆ ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಬಚ್ಚಲಿಗೆ ಮಾಡಲಿ. 1 ಅಡಿಯ ಮ್ಯಾಟ್ ಟೈಲ್ಸ್ ಹಾಕಿಸಿ, ಸಣ್ಣ ಟೈಲ್ಸ್ ಆದಷ್ಟೂ ಸಂದು ಜಾಸ್ತಿ, ಸಂದು ಜಾಸ್ತಿ ಆದಷ್ಟೂ ಹಿಡಿತ. ನೀರು ನಿಲ್ಲದ ಹಾಗೆ ವಾಟ ಸರಿ ಇರಲಿ. ಕಮೋಡಿನ ಪಕ್ಕ, ಸ್ನಾನದ ಕುರ್ಚಿ ಪಕ್ಕ ಸ್ಟೀಲ್ ಹಿಡಿಕೆ, ಗೋಡೆಗೆ ಗಟ್ಟಿಯಾಗಿ ಬೋಲ್ಟ್ ಹಾಕಿದ್ದು. ಗಮ್‌ನಲ್ಲಿ ಅಂಟಿಸುವ ಹಿಡಿಕೆ ತರಬೇಡಿ, ಬೀಳುವಾಗ ಅದೂ ಜೊತೆಗೆ ಬರುತ್ತೆ. ವಾಕರ್ ಕಾಲಿನ ರಬ್ಬರ್ ಬಿರಡೆ ತಿರುಗಿಸಿ ನೋಡಿ, ಸವೆದು ನುಣ್ಣಗಾಗಿದ್ದರೆ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಹೊಸದು ಸಿಗುತ್ತೆ. ಚಳಿ ಅಂತ ಬರೀ ಕಾಲುಚೀಲದಲ್ಲಿ ಓಡಾಡಿಸಬೇಡಿ.

ಪ್ರಶ್ನೆ: ಅರಸೀಕೆರೆಯಲ್ಲಿ ಆಸ್ಪತ್ರೆ ನೋಡಿಕೊಳ್ಳುತ್ತೇನೆ. ಕರೆಂಟ್ ಹರಿಯುವ ಆಂಟಿಸ್ಟ್ಯಾಟಿಕ್ ವಿನೈಲ್ ಇಲ್ಲದಿದ್ದರೆ ಓಟಿಯಲ್ಲಿ ಬೆಂಕಿ ಹತ್ತುತ್ತೆ ಅಂತ ಮಾರುವವರು ಹೆದರಿಸುತ್ತಿದ್ದಾರೆ. ನಿಜವಾ?

ಒಂದು ಕಾಲಕ್ಕೆ ನಿಜ. ಆಗ ಮತ್ತು ಬರಿಸಲು ಈಥರ್, ಸೈಕ್ಲೋಪ್ರೊಪೇನ್ ಬಳಸುತ್ತಿದ್ದರು, ಎರಡೂ ಬೆಂಕಿಗೆ ಹತ್ತಿಕೊಳ್ಳುವಂಥವು. ಚಪ್ಪಲಿ ಉಜ್ಜಿ ಹುಟ್ಟಿದ ಒಂದು ಕಿಡಿ ಸಾಕಿತ್ತು. ಅದಕ್ಕೆ ಕಿಡಿಯನ್ನು ಭೂಮಿಗೆ ಇಳಿಸುವ ನೆಲ ಮಾಡಿದರು. 1956ರಲ್ಲಿ ಹ್ಯಾಲೋಥೇನ್ ಬಂತು, ಆಮೇಲೆ ಬೆಂಕಿ ಹಿಡಿಯದ ಅನಿಲಗಳೇ ಬಳಕೆಗೆ ಬಂದವು. ಈಗ ಆ ನೆಲ ಹಾಕಿಸುವುದು ಹೆಚ್ಚಾಗಿ ಸೂಕ್ಷ್ಮ ಎಲೆಕ್ಟ್ರಾನಿಕ್ ಮಿಷನ್‌ಗಳಿಗೋಸ್ಕರ. ಹಾಕಿಸಬಾರದು ಅಂತಲ್ಲ, ಒಳ್ಳೆಯದೇ. ಹೆದರಿ ಹಾಕಿಸಬೇಡಿ ಅಂತ ಅಷ್ಟೇ.

ಹಾಕಿಸುವುದಾದರೆ ಪೂರ್ತಿ ಹಾಕಿಸಿ. ಶೀಟಿನ ಕೆಳಗೆ ತಾಮ್ರದ ಪಟ್ಟಿ, ವಿದ್ಯುತ್ ಹರಿಯುವ ಬೇರೆಯದೇ ಗಮ್, ಆ ಪಟ್ಟಿಯಿಂದ ಅರ್ತಿಂಗಿಗೆ ತಂತಿ, ಇಷ್ಟೂ ಬೇಕು. ಎಷ್ಟೋ ಕಡೆ ದುಬಾರಿ ಶೀಟು ಹಾಕಿ, ಕೆಳಗೆ ಮಾಮೂಲಿ ಗಮ್ ಸುರಿದು, ಪಟ್ಟಿಯನ್ನು ಗೋಡೆ ಹತ್ತಿರ ಕತ್ತರಿಸಿ ಬಿಟ್ಟಿರುತ್ತಾರೆ. ಅದು ಬರೀ ದುಬಾರಿ ವಿನೈಲ್. ಮುಗಿದ ಮೇಲೆ ಮೀಟರ್ ಹಿಡಿದು ಅಳೆದು ಕೊಡಿ ಅಂತ ಬರೆಸಿಕೊಳ್ಳಿ. ಕಂಡಕ್ಟಿವ್ (ಕರೆಂಟ್ ಹರಿಯುವಂಥದ್ದು) ಅಂತ ಮಾರಿದ್ದರೆ ಕರೆಂಟಿಗಿರುವ ತಡೆ 10 ಲಕ್ಷ ಓಮ್ ಒಳಗೆ ಬರಬೇಕು. ಹಾಗಂತ ತೀರಾ ಕೆಳಗೂ ಇಳಿಯಬಾರದು, ಮಿಷನ್ನಿನಲ್ಲಿ ಲೀಕೇಜ್ ಇದ್ದರೆ ನಿಂತವರಿಗೇ ಹೊಡೆಯುತ್ತೆ. ಮೇಣದ ಪಾಲಿಶ್ ಹಚ್ಚಿದರೂ ಕೆಲಸ ಕೆಟ್ಟಿತು, ಒರೆಸುವವರಿಗೆ ಇದನ್ನು ಹೇಳಿಡಿ.

ಪ್ರಶ್ನೆ: ಕೊಪ್ಪದಲ್ಲಿ ಆಯುರ್ವೇದ ಚಿಕಿತ್ಸಾಲಯ. ಅಭ್ಯಂಗದ ಕೋಣೆಯಲ್ಲಿ ನೆಲಕ್ಕೆ ದಿನಾ ಎಣ್ಣೆ. ರಬ್ಬರ್ ನೆಲ ಹಾಕಿದರೆ ಜಾರುವುದಿಲ್ಲ ಅಂದರು.

ರಬ್ಬರ್ ನೀರಿಗೆ ಒಳ್ಳೆಯದು, ಎಣ್ಣೆ ಅದರ ಶತ್ರು. ಎಣ್ಣೆ ಕುಡಿದು ಊದಿ ಮೆತ್ತಗಾಗುತ್ತೆ. ನಿಮಗೆ ಆರ್11 ಅಥವಾ ಆರ್12 ಇರುವ, ಒಡಲೆಲ್ಲ ಒಂದೇ ಬಣ್ಣದ ವಿಟ್ರಿಫೈಡ್ ಟೈಲ್ಸು, ಎಪಾಕ್ಸಿ ಸಂದು, ಜಾಲರಿ ಕಡೆಗೆ ಒಳ್ಳೆಯ ವಾಟ. ಸಂಜೆ ಸೋಪಿನ ಬಿಸಿನೀರು ಸುರಿದು ಬ್ರಶ್ಶಲ್ಲಿ ಉಜ್ಜಬೇಕು, ಮಾಪಲ್ಲಿ ಒರೆಸಿದರೆ ಎಣ್ಣೆ ಹರಡುತ್ತೆ ಅಷ್ಟೇ. ಜಾಲರಿ ಆಚೆ ಜಿಡ್ಡು ಹಿಡಿಯುವ ಒಂದು ಸಣ್ಣ ತೊಟ್ಟಿ ಕಟ್ಟಿಸಿ, ಇಲ್ಲದಿದ್ದರೆ ಕೊಪ್ಪದ ಚಳಿಗೆ ಪೈಪಿನೊಳಗೆ ಎಣ್ಣೆ ಹೆಪ್ಪುಗಟ್ಟುತ್ತೆ. ದ್ರೋಣಿಯಿಂದ (ಎಣ್ಣೆ ತಿಕ್ಕುವ ಮಂಚ) ರೋಗಿ ಇಳಿಯುವ ಕಡೆ ಒಂದು ಹತ್ತಿ ಬಟ್ಟೆ ಹಾಸಿ, ಮೊದಲು ಪಾದ ಒರೆಸಿ, ಆಮೇಲೆ ನಡೆಸಿ. ಇದಕ್ಕೆ ಯಾವ ಟೈಲ್ಸೂ ಸಮ ಇಲ್ಲ.

ಪ್ರಶ್ನೆ: ಚಿಕ್ಕಮಗಳೂರಲ್ಲಿ ಬಾಡಿಗೆ ಅಂಗಡಿಯಲ್ಲಿ ಹಲ್ಲಿನ ಕ್ಲಿನಿಕ್ ಮಾಡುತ್ತಿದ್ದೇನೆ. ಮಾಲೀಕರು ಹಳೇ ಟೈಲ್ಸ್ ಒಡೆಯಬೇಡಿ ಅನ್ನುತ್ತಾರೆ.

ಒಡೆಯುವುದು ಬೇಡ. ಪೊಳ್ಳಿದ್ದ ಟೈಲ್ಸ್ ಮಾತ್ರ ಬದಲಾಯಿಸಿ, ಸಂದು ಮಟ್ಟ ಮಾಡಿಸಿ, ಮೇಲೆ ವಿನೈಲ್ ಹಾಕಬಹುದು. ಮಟ್ಟ ಮಾಡದೆ ಹಾಕಿದರೆ ಕೆಳಗಿನ ಸಂದುಗಳ ಗೆರೆ ಮೂರು ತಿಂಗಳಲ್ಲಿ ಮೇಲೆ ಮೂಡುತ್ತೆ. ಅದಕ್ಕೂ ಮುಂಚೆ ಕುರ್ಚಿಯ ನೀರು, ಗಾಳಿ, ಕರೆಂಟಿನ ಪೈಪು ಎಲ್ಲಿಂದ ಹೋಗುತ್ತೆ ಅಂತ ಕುರ್ಚಿಯವರನ್ನು ಕರೆಸಿ ನಿರ್ಧಾರ ಮಾಡಿ. ಆ ಒಂದು ಗಾಡಿಗೆ ಮಾತ್ರ ಟೈಲ್ಸ್ ಕೊಯ್ಯಬೇಕಾಗುತ್ತೆ, ಮಾಲೀಕರನ್ನು ಈಗಲೇ ಒಪ್ಪಿಸಿ. ಹಲ್ಲಿಗೆ ತುಂಬುವ ಪಾದರಸದ ಸಿಮೆಂಟ್ ಇನ್ನೂ ಬಳಸುವವರಾದರೆ ಜಾಯಿಂಟಿಲ್ಲದ ನೆಲವೇ ಬೇಕು, ಸಂದಿಗೆ ಹೋದ ಪಾದರಸದ ಹನಿ ಈಚೆ ಬರುವುದಿಲ್ಲ.

ಪ್ರಶ್ನೆ: ನಾನು ಕಡೂರು ಕಡೆ ಪಶುವೈದ್ಯ. ಮನುಷ್ಯರ ಆಸ್ಪತ್ರೆಗೆ ಮಾತ್ರ ಉತ್ತರವೋ, ನಮ್ಮ ದನಗಳಿಗೂ ಇದೆಯೋ?

ಇಲ್ಲದೆ ಇರುತ್ತಾ ಡಾಕ್ಟ್ರೇ! ಅಮೃತಮಹಲ್ ಹೋರಿಗಳ ಸೀಮೆಯವರು ನೀವು. ಟೈಲ್ಸ್ ಕಡೆ ತಿರುಗಿಯೂ ನೋಡಬೇಡಿ. ಗೊರಸಿಗೆ ಟೈಲ್ಸ್ ಅಂದರೆ ಮಂಜುಗಡ್ಡೆ, ಹೆದರಿದ ದನ ಕಾಲು ಅಗಲಿಸಿ ಬಿದ್ದರೆ ಎಬ್ಬಿಸುವುದು ನಿಮಗೇ ಕಷ್ಟ. ಗಟ್ಟಿ ಕಾಂಕ್ರೀಟ್ ಹಾಕಿ, ಹಸಿ ಇರುವಾಗಲೇ ಅರ್ಧ ಇಂಚಿನ ಗಾಡಿಗಳನ್ನು ಚೌಕ ಚೌಕವಾಗಿ ಎಳೆಸಿ. ಗಂಜಲ, ನೀರು ಹೋಗಲು ಹಿಂದಕ್ಕೆ ವಾಟ, ಕೊನೆಗೊಂದು ತೆರೆದ ಮೋರಿ. ದನ ನಿಲ್ಲಿಸಿ ಕಟ್ಟುವ ಚೌಕಟ್ಟಿನೊಳಗೆ ದಪ್ಪ ರಬ್ಬರ್ ಮ್ಯಾಟು, ಎತ್ತಿ ತೊಳೆಯುವಂಥದ್ದು. ನಾಯಿ, ಬೆಕ್ಕು ನೋಡುವ ಕೋಣೆಗೆ ಮಾತ್ರ ಮ್ಯಾಟ್ ಟೈಲ್ಸ್ ಇರಲಿ, ಗೋಡೆಗೂ 4 ಅಡಿ ಹತ್ತಿಸಿ. ಯಾಕೆ ಅಂತ ನಿಮ್ಮ ಕಾಂಪೌಂಡರನ್ನು ಕೇಳಿ, ಗಂಡು ನಾಯಿಗಳು ಕಾಲೆತ್ತುವ ಎತ್ತರ ಅವರಿಗೆ ಸರಿಯಾಗಿ ಗೊತ್ತಿರುತ್ತೆ.